ಹೆಸರಿಲ್ಲದ ಮಾತಿಗೆ ನಮ್ಮ ಹೆಸರು ಯಾಕ ಕೊಡಬೇಕು?

ಅಕ್ಕಂದಿರ, ವೈನಿಯರ, ಓಣಿಯ ಗೆಳತಿಯರ,

ಈ ಸಲ ಅಡಗಿ ಇಲ್ಲ, ಹಬ್ಬದ ತಯಾರಿನೂ ಇಲ್ಲ. ಈ ಸಲ ಜಗಳ. ಮೊದಲ ಹೇಳಿಬಿಡ್ತೀನಿ, ನಡು ದಾರ್ಯಾಗ ಯಾರೂ ಸಿಟ್ಟಾಗಿ ಎದ್ದು ಹೋಗಬ್ಯಾಡ್ರಿ. ಸಿಟ್ಟು ಬಂದ್ರ ಪೂರ್ತಿ ಓದಿ ಆಮ್ಯಾಲೆ ಬೈರಿ.

ನಮ್ಮ ಮಂದ್ಯಾಗ ಒಂದು ಹೆಣ್ಣು ಕೊಡೋದಿದ್ರ ಎಷ್ಟು ವಿಚಾರ ಮಾಡ್ತೀವಿ ನೋಡ್ರಿ. ಹುಡುಗಂದು ಯಾವ ಊರು, ಯಾರ ಪೈಕಿ, ನೌಕರಿ ಖರೇನೋ ಬರೇ ಬಾಯಿಮಾತೋ, ಅವರವ್ವ ಸೊಸಿನ ಬಾಳಿಸ್ತಾಳೋ ಇಲ್ಲೋ, ಎಲ್ಲಾ ಕೇಳ್ತೀವಿ. ಮೂರು ಕಡೆ ಕೇಳಿದ್ರೂ ಸಮಾಧಾನ ಆಗೂದಿಲ್ಲ, ಆ ಊರಾಗ ನಮ್ಮವರು ಯಾರರ ಇದ್ದಾರೇನು ಅಂತ ಹುಡುಕ್ತೀವಿ. ಹೆಣ್ಣಿನ ಮಾತು ಬಿಡ್ರಿ, ಬದನಿಕಾಯಿ ತೊಗೊಂಡ್ರೂ ತಿರುವಿ ತಿರುವಿ ತೂತು ಅದನೋ ಏನೋ ನೋಡ್ತೀವಿ. ಜೋಳ ತೊಗೊಳ್ಳುವಾಗ ಒಂದು ಕಾಳು ಹಲ್ಲಾಗ ಕಡದು ನೋಡ್ತೀವಿ. ಹಾಲಿನವ ಒಂದಿನ ನೀರು ಹಾಕಿದ್ರ ಮರುದಿನ ಅವನ ಜನ್ಮ ಜಾಲಾಡ್ತೀವಿ.

ಇಂಥಾ ಶಾಣ್ಯಾ ಹೆಣ್ಣುಮಕ್ಕಳು ನಾವು, ಫೋನಿನ್ಯಾಗ ಒಂದು ಮಾತು ಬಂತಂದ್ರ ಅದರ ಊರು ಕೇಳೂದಿಲ್ಲ, ಹೆಸರು ಕೇಳೂದಿಲ್ಲ. ಯಾರು ಬರದಾರ, ಯಾವಾಗ ಬರದಾರ, ಅವರಿಗೆ ಅದು ಹೆಂಗ ಗೊತ್ತು, ಒಂದೂ ವಿಚಾರ ಇಲ್ಲ. ಹೆಬ್ಬೆರಳಿನಿಂದ ಒತ್ತಿ ಹತ್ತು ಮನಿಗೆ ಕಳಿಸಿಬಿಡ್ತೀವಿ. ಕೇಳಿದ್ರ "ನನಗ ಬಂದಿತ್ತು, ನಾ ಕಳಿಸಿದೆ" ಅಂತೀವಿ. ಎತ್ತು ಈಯಿತು ಅಂದ್ರ ಕೊಟ್ಟಿಗ್ಯಾಗ ಕಟ್ಟು ಅಂದಂಗಾತು ಇದು. ಇದರ ಮ್ಯಾಲೇನ ನನ್ನ ಜಗಳ.

ಹೆಸರಿಲ್ಲದ ಕಾಗದ ನಮಗೇನು ಹೊಸಾದಲ್ಲ. ನಾವು ಸಣ್ಣವರಿದ್ದಾಗ ಮನಿಗೆ ಪೋಸ್ಟ್ ಕಾರ್ಡ್ ಬರ್ತಿದ್ದವು. ಇಂಥಾ ದೇವರ ಪವಾಡ ಆಗ್ಯದ, ಈ ಕಾರ್ಡ್ ಓದಿದವರು ಹನ್ನೊಂದು ಮಂದಿಗೆ ಬರದು ಹಾಕಬೇಕು, ಹಾಕಿದವರಿಗೆ ಲಾಭ, ಹರದು ಒಗದವರಿಗೆ ನಷ್ಟ ಅಂತ. ಕೆಳಗ ಸಹಿ ಇರ್ತಿದ್ದಿಲ್ಲ. ಇನ್ನೊಂದು ಥರದ ಕಾಗದನೂ ಇತ್ತು. ಒಂದು ಹುಡುಗಿ ಲಗ್ನ ಗೊತ್ತಾತಂದ್ರ ಬೀಗರ ಮನಿಗೆ ಹೆಸರಿಲ್ಲದ ಕಾಗದ ಹೋಗ್ತಿತ್ತು. ಆ ಕಾಗದದಿಂದ ಮುರದ ಲಗ್ನ ಎಷ್ಟು ಅನ್ನೋದು ನಿಮಗೂ ಗೊತ್ತದ, ನನಗೂ ಗೊತ್ತದ. ನಮ್ಮ ಹಿರಿಯರ ಪೈಕಿ ತಿಳದವರು ಒಂದು ಮಾತು ಹೇಳ್ತಿದ್ರು: ಸಹಿ ಇಲ್ಲದ ಕಾಗದ ಒಲಿಗೆ ಹಾಕಬೇಕು, ಓದಿದ್ರ ಕಣ್ಣು ತೊಳಕೋಬೇಕು.

ಆದ್ರ ಆ ಕಾಲಕ್ಕ ಒಂದು ಅಡಚಣಿ ಇತ್ತು. ಹನ್ನೊಂದು ಕಾರ್ಡಿಗೆ ರೊಕ್ಕ ಬೇಕು, ಹನ್ನೊಂದು ಸಲ ಕೈ ನೋಯಿಸಿ ಬರೀಬೇಕು, ಪೋಸ್ಟಿನ ಡಬ್ಬಿ ತನಕ ನಡೀಬೇಕು. ಅಷ್ಟರಾಗ ಅರ್ಧ ಮಂದಿಗೆ ಬುದ್ಧಿ ಬರ್ತಿತ್ತು, ಉಳಿದವರಿಗೆ ಬ್ಯಾಸರ ಬರ್ತಿತ್ತು. ಈಗ ಆ ಅಡಚಣಿ ಹೋಗ್ಯದ. ಕುಕ್ಕರ್ ಮೂರನೇ ಸೀಟಿ ಹೊಡಿಯೂದರಾಗ ಒಂದು ಸುಳ್ಳು ಹುಬ್ಬಳ್ಳಿಂದ ಅಮೆರಿಕಾದಾಗಿನ ಮಗಳ ತನಕ ಹೋಗಿ ತಿರುಗಿ ಬರ್ತದ.

"ಹೋಗ್ಲಿ ಬಿಡ, ಒಂದು ಮೆಸೇಜಿನಿಂದ ಏನಾಗ್ತದ" ಅಂತೀರಿ. ಏನೇನಾಗ್ಯದ ಅಂತ ಹೇಳ್ತೀನಿ ಕೇಳ್ರಿ. ಯಾವುದೂ ಕಟ್ಟುಕತಿ ಅಲ್ಲ, ಎಲ್ಲಾ ಪೇಪರಿನ್ಯಾಗ ಬಂದದ್ದು.

2012ರ ಆಗಸ್ಟ್. ಅಸ್ಸಾಮಿನ್ಯಾಗ ಗಲಾಟೆ ನಡದಿತ್ತು. ಬೆಂಗಳೂರಾಗ ಇರೋ ಈಶಾನ್ಯದ ಹುಡುಗ-ಹುಡುಗಿಯರ ಫೋನಿಗೆ, ನಿಮ್ಮ ಮ್ಯಾಲೆ ಇಲ್ಲಿ ಹಲ್ಲೆ ಆಗ್ತದ, ಓಡಿಹೋಗ್ರಿ ಅಂತ ಎಸ್ಎಮ್ಎಸ್ ಬರ್ಲಿಕ್ಕೆ ಹತ್ತಿದವು. ಸಾವಿರಾರು ಮಂದಿ, ಹೋಟೆಲಿನ್ಯಾಗ ದುಡಿಯೋರು, ಸೆಕ್ಯುರಿಟಿ ಕೆಲಸದವರು, ಕಾಲೇಜಿನ ಹುಡುಗಿಯರು, ಗಂಟುಮೂಟಿ ಕಟ್ಟಿಕೊಂಡು ಸ್ಟೇಷನ್ನಿಗೆ ಬಂದು ನಿಂತ್ರು. ರೈಲ್ವೆಯವರು ಗುವಾಹಟಿಗೆ ವಿಶೇಷ ಗಾಡಿ ಬಿಡಬೇಕಾತು. ಕೇಂದ್ರ ಸರ್ಕಾರ ಹದಿನೈದು ದಿನ ಒಂದು ಫೋನಿನಿಂದ ಒಂದೇ ಸಲಕ್ಕ 5ಕ್ಕಿಂತ ಹೆಚ್ಚು ಮಂದಿಗೆ ಎಸ್ಎಮ್ಎಸ್ ಕಳಿಸಬಾರದು ಅಂತ ತಡಿ ಹಾಕ್ತು. ಆಗ ಇನ್ನೂ ಮನಿಮನಿಗೆ ವಾಟ್ಸಾಪ್ ಬಂದಿದ್ದಿಲ್ಲ, ನೆನಪಿಡ್ರಿ.

ಆಮ್ಯಾಲೆ 2018. ಮಕ್ಕಳ ಕಳ್ಳರು ಬಂದಾರ ಅನ್ನೋ ವಿಡಿಯೋ ನಿಮಗೆಲ್ಲಾ ಬಂದಿತ್ತು. ಬೈಕಿನ ಮ್ಯಾಲೆ ಇಬ್ಬರು ಬರ್ತಾರ, ಆಡೋ ಕೂಸಿನ್ನ ಎತ್ತಿಕೊಂಡು ಹೋಗ್ತಾರ. ನೋಡಿದ ಎಲ್ಲಾ ತಾಯಂದಿರ ಹೊಟ್ಟಿ ಕಲಿಸಿದಂಗ ಆಗ್ತಿತ್ತು. ಆ ವಿಡಿಯೋ ನಮ್ಮ ದೇಶದ್ದ ಅಲ್ಲ. ಪಾಕಿಸ್ತಾನದ ಕರಾಚಿಯೊಳಗ ಮಕ್ಕಳ ಸುರಕ್ಷತೆಗೆ ಕೆಲಸ ಮಾಡೋ ಒಂದು ಸಂಸ್ಥೆ ಮಂದಿಗೆ ಎಚ್ಚರಿಕಿ ಕೊಡ್ಲಿಕ್ಕೆ ಅಂತ ನಟಿಸಿ ತೆಗೆದದ್ದು. ಪೂರ್ತಿ ವಿಡಿಯೋದಾಗ ಆ ಬೈಕಿನವರು ತಿರುಗಿ ಬಂದು ಕೂಸಿನ್ನ ಇಳಿಸಿ, ಮಕ್ಕಳ ಮ್ಯಾಲೆ ಲಕ್ಷ್ಯ ಇಡ್ರಿ ಅಂತ ಬರದ ಫಲಕ ತೋರಿಸ್ತಾರ. ಯಾರೋ ಪುಣ್ಯಾತ್ಮ ಆ ಕೊನೀ ತುಂಡು ಕತ್ತರಿಸಿ ಬಿಟ್ಟ. ಮಕ್ಕಳನ್ನ ಉಳಿಸಲಿಕ್ಕೆ ಮಾಡಿದ್ದು ಮಂದೀನ್ನ ಕೊಲ್ಲೋ ಹತಾರ ಆತು. ಕತ್ತರಿಸಿದವ ಯಾರು? ಹೆಸರಿಲ್ಲ.

ಅದೇ ಮೇ ತಿಂಗಳಾಗ ಬೆಂಗಳೂರಿನ ಚಾಮರಾಜಪೇಟೆಯೊಳಗ ರಾಜಸ್ಥಾನದಿಂದ ಬಂದಿದ್ದ ಒಬ್ಬ ಹರೇದ ಹುಡುಗನ್ನ ಮಕ್ಕಳ ಕಳ್ಳ ಅಂತ ಹೊಡದು ಕೊಂದ್ರು. ಜುಲೈ 1ಕ್ಕ ಮಹಾರಾಷ್ಟ್ರದ ಧುಳೆ ಜಿಲ್ಲಾದ ರೈನಪಾಡಾದಾಗ ಭಿಕ್ಷೆ ಬೇಡಿ ಬದುಕೋ ಅಲೆಮಾರಿ ಪಂಗಡದ ಐದು ಮಂದಿನ್ನ ಕೊಂದ್ರು. ಜುಲೈ 13ಕ್ಕ ನಮ್ಮ ಬೀದರ ಜಿಲ್ಲಾದ ಮುರ್ಕಿ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರ್ಯಾಗ ಸಾಲಿ ಹುಡುಗರಿಗೆ ಚಾಕಲೇಟ್ ಕೊಟ್ರು. ಅಷ್ಟಕ್ಕ ಸಂಶಯ. ಅವರು ಹೆದರಿ ಕಾರ್ ಹೊಡಕೊಂಡು ಹೋದ್ರು. ಆದ್ರ ಕಾರಿಗಿಂತ ಜಲ್ದಿ ವಾಟ್ಸಾಪ್ ಮುಂದಿನ ಊರಿಗೆ ಹೋಗಿ ಮುಟ್ಟಿತ್ತು. ಮುರ್ಕಿಯೊಳಗ ದಾರಿ ಕಟ್ಟಿ ನಿಂತಿದ್ರು. ಕಾರ್ ಪಲ್ಟಿ ಆತು. ಬಿಡಿಸಲಿಕ್ಕೆ ಬಂದ ಪೊಲೀಸರಿಗೂ ಏಟು ಬಿದ್ದವು. ಒಬ್ಬ ಇಂಜಿನಿಯರ್ ಹುಡುಗ ಸತ್ತ.

ಚಾಕಲೇಟ್ ಕೊಟ್ಟದ್ದಕ್ಕ, ಅವ್ವಾ. ನಮ್ಮ ಹುಡುಗರೂ ಪರದೇಶದಿಂದ ಬಂದಾಗ ಓಣಿ ಮಕ್ಕಳಿಗೆ ಚಾಕಲೇಟ್ ಹಂಚ್ತಾರ. ಅವರು ದಾರಿ ತಪ್ಪಿ ಯಾವುದೋ ಊರಾಗ ಹಂಚಿದ್ರ?

ಜೀವಾ ತಗಿಯೋ ಸುಳ್ಳು ಆತು. ಇನ್ನ ಹೊಟ್ಟಿ ಮ್ಯಾಲೆ ಹೊಡಿಯೋ ಸುಳ್ಳು ನೋಡ್ರಿ. ಹತ್ತು ರೂಪಾಯಿ ನಾಣ್ಯ. ಅದು ನಡಿಯೂದಿಲ್ಲ, ಇಂಥಾ ಗೆರಿ ಇದ್ರ ಖೋಟಾ, ರೂಪಾಯಿ ಚಿಹ್ನೆ ಇಲ್ಲದ್ದು ಖೋಟಾ ಅಂತ ಎಬ್ಬಿಸಿದ್ರು. ರಿಸರ್ವ್ ಬ್ಯಾಂಕು 2018ರ ಜನವರಿಯೊಳಗ ಸ್ಪಷ್ಟ ಹೇಳ್ತು: ಅಲ್ಲೀತನಕ 14 ನಮೂನಿ ಹತ್ತು ರೂಪಾಯಿ ನಾಣ್ಯ ಬಿಟ್ಟೀವಿ, ಚಿಹ್ನೆ ಇದ್ದದ್ದೂ ಇಲ್ಲದ್ದೂ ಎಲ್ಲಾ ಚಲಾವಣೆಯೊಳಗ ಅವ. ಅಷ್ಟು ಹೇಳಿ ಎಷ್ಟೋ ವರ್ಷ ಆದ್ರೂ ನಮ್ಮ ಸಂತ್ಯಾಗ ಆ ನಾಣ್ಯ ಕೊಟ್ರ ಮುಖ ಕಿವುಚ್ತಿದ್ರು. ಇದರಾಗ ನಷ್ಟ ಯಾರಿಗೆ? ನಮಗಲ್ಲ, ನಾವು ಬ್ಯಾರೆ ನೋಟು ತಗದು ಕೊಡ್ತೀವಿ. ಕೊತ್ತಂಬ್ರಿ ಮಾರೋ ಮುದುಕಿ ಸೆರಗಿನ ಗಂಟಿನ್ಯಾಗ ಅವ ನಾಣ್ಯ ಉಳೀತಾವ. ಕಿರಾಣಿ ಅಂಗಡಿಯವ ತೊಗೊಳೂದಿಲ್ಲ, ಬಸ್ಸಿನ್ಯಾಗ ಜಗಳ. ದಿನಕ್ಕ ನೂರಾ ಐವತ್ತು ಗಳಿಸೋ ಹೆಣ್ಣುಮಗಳ ಐವತ್ತು ರೂಪಾಯಿ ಸತ್ತು ಬಿದ್ದಿರ್ತದ. ಆ ಮೆಸೇಜ್ ಮೊದಲ ಬರದವನಿಗೆ ಈ ಮುದುಕಿ ಗೊತ್ತಿಲ್ಲ. ಆದ್ರ ಕಳಿಸಿದ ನಮಗ ಗೊತ್ತಿದ್ಲು. ಮುಂಜಾನೆದ್ದು ಅಕಿ ಹತ್ರನ ಕೊತ್ತಂಬ್ರಿ ತೊಗೊಂಡಿದ್ವಿ.

ಮೂರನೇದ್ದು ಮಕ್ಕಳ ಮೈಗೆ ಬರೋ ಸುಳ್ಳು. 2017ರ ಫೆಬ್ರುವರಿಯೊಳಗ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಸುರು ಆದದ್ದು ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪದಾಗ. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ, ಹೆಚ್ಚಾಗಿ ಸಾಲಿಯೊಳಗ, ಫುಕಟ. ದಡಾರ ಅಂದ್ರ ನಮ್ಮ ಕಡೆ ಗೊಬ್ಬರ ಅಂತೀವಲ್ಲ, ಅದು. ರುಬೆಲ್ಲಾ ನೋಡ್ಲಿಕ್ಕೆ ಸಣ್ಣ ಜಡ್ಡು. ಆದ್ರ ಬಸುರಿಗೆ ಬಂದ್ರ ಹೊಟ್ಟ್ಯಾಗಿನ ಕೂಸಿನ ಕಣ್ಣು, ಕಿವಿ, ಹೃದಯಕ್ಕ ಪೆಟ್ಟು ಕೊಡ್ತದ. ಅಂದ್ರ ಇದು ನಾಳೆ ತಾಯಿ ಆಗೋ ಹುಡುಗಿಯರ ಸಲುವಾಗಿ ಇದ್ದ ಲಸಿಕೆ. ಅದಕ್ಕ ಏನು ಬಂತು ಮೆಸೇಜು? ಚುಚ್ಚಿಸಬ್ಯಾಡ್ರಿ, ಮಕ್ಕಳು ಸಾಯ್ತಾರ, ಮುಂದ ಮಕ್ಕಳಾಗೂದಿಲ್ಲ. ಎಷ್ಟೋ ಅವ್ವ-ಅಪ್ಪಂದಿರು ಹೆದರಿ ಅವತ್ತು ಮಕ್ಕಳನ್ನ ಸಾಲಿಗೆ ಕಳಿಸಲಿಲ್ಲ. ಮಕ್ಕಳಾಗೂದಿಲ್ಲ ಅನ್ನೋ ಇದೇ ಸುಳ್ಳು ಹಿಂದ ಉತ್ತರ ಪ್ರದೇಶದಾಗ ಪೋಲಿಯೋ ಹನಿಗೂ ಹೇಳಿದ್ರು. ಆ ಹನಿ ಹಾಕಿ ಹಾಕಿನ ನಮ್ಮ ದೇಶದಾಗ ಕೊನೀ ಪೋಲಿಯೋ ಕೂಸು ಕಂಡದ್ದು 2011ರ ಜನವರಿಯೊಳಗ. 2014ರಾಗ ಪೋಲಿಯೋ ಇಲ್ಲದ ದೇಶ ಅಂತ ಪ್ರಮಾಣಪತ್ರ ಸಿಕ್ತು. ನಮ್ಮ ವಾರಿಗಿಯವರಿಗೆ ಕಾಲು ಸೊರಗಿದ ಒಬ್ಬ ಸಹಪಾಠಿಯರ ಇದ್ದೇ ಇರ್ತಿದ್ಲು. ನಮ್ಮ ಮೊಮ್ಮಕ್ಕಳ ವರ್ಗದಾಗ ಯಾರದಾರ ಹುಡುಕ್ರಿ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ.

ಎಲ್ಲಾರೂ ಅಂತಾರ, ಹೆಸರು ಮುಚ್ಚಿಕೊಂಡು ಬರಿಯೋರದ್ದ ತಪ್ಪು, ಅವರನ್ನ ಹಿಡದು ಒಳಗ ಹಾಕಬೇಕು ಅಂತ. ಹಾಕ್ಲಿ. ಆದ್ರ ಹೆಸರು ಮುಚ್ಚಿಕೊಳ್ಳೋದ ಪಾಪ ಅಂತ ನಾ ಒಪ್ಪೂದಿಲ್ಲ. ಗಂಡ ಹೊಡಿತಾನ ಅಂತ 181ಕ್ಕ ಫೋನ್ ಮಾಡೋ ಹೆಣ್ಣುಮಗಳು ತನ್ನ ಹೆಸರು ಊರೆಲ್ಲಾ ಸಾರಬೇಕೇನು? ಬಾಜು ಮನ್ಯಾಗ ಕೂಸಿನ ಮ್ಯಾಲೆ ಅನ್ಯಾಯ ಆಗ್ಲಿಕತ್ತದ ಅಂತ 1098ಕ್ಕ ತಿಳಿಸಿದಾಕಿ ಹೆಸರು ಗುಟ್ಟಾಗಿ ಇರಬೇಕು, ಇಲ್ಲಂದ್ರ ನಾಳೆ ಯಾರೂ ತಿಳಿಸೂದಿಲ್ಲ. ಆಫೀಸಿನ್ಯಾಗ ಲಂಚ ತಿನ್ನೋದು ಕಂಡವ ಬಾಯಿ ಬಿಡಬೇಕಂದ್ರ ಅವನಿಗೂ ಒಂದು ಪರದೆ ಬೇಕು. ಹೆಣ್ಣುಮಕ್ಕಳು ಬ್ಯಾರೆ ಹೆಸರಿಟ್ಟುಕೊಂಡು ಬರದದ್ದೂ ಅದ. ನಾವು ಓದಿ ಅತ್ತ ಕಾದಂಬರಿಗಳ ತ್ರಿವೇಣಿಯವರ ಖರೇ ಹೆಸರು ಅನಸೂಯಾ ಶಂಕರ. ಆದ್ರ ಆ ಪುಸ್ತಕಕ್ಕ ಪ್ರಕಾಶಕರಿದ್ರು, ವಿಳಾಸ ಇತ್ತು, ಯಾರರ ಕೇಳಿದ್ರ ಉತ್ತರ ಕೊಡೋರಿದ್ರು. 181ರಾಗೂ ಅಷ್ಟ, ಫೋನ್ ಎತ್ತಿದವರು ವಿಚಾರಣಿ ಮಾಡ್ತಾರ, ಖರೇ ಸುಳ್ಳು ನೋಡ್ತಾರ. ಒಂದು ಹೆಸರು ಮುಚ್ಚಿದ್ರ ಇನ್ನೊಂದು ಹೆಸರು ಹೊಣಿ ಹೊತ್ತಿರ್ತದ. ದುರ್ಬಲರು ಪರದೆ ಹಿಂದ ನಿಂತು ಬಲಾಢ್ಯರ ವಿರುದ್ಧ ಮಾತಾಡೂದು ಬ್ಯಾರೆ, ಪರದೆ ಹಿಂದಿನಿಂದ ದಾರಿಹೋಕರ ಮ್ಯಾಲೆ ಕಲ್ಲು ಒಗಿಯೂದು ಬ್ಯಾರೆ.

ಇನ್ನೊಂದು ಮಾತು. ಫಾರ್ವರ್ಡ್ ಬಂದದ್ದಕ್ಕ ಹೆಸರಿಲ್ಲ ಅಂತೀವಲ್ಲ, ಖರೇ ಇಲ್ಲೇನು? ಮ್ಯಾಲೆ ನೋಡ್ರಿ. "ಸುಮಾ ವೈನಿ" ಅಂತ ಅದ. "ಧಾರವಾಡ ಮೌಶಿ" ಅಂತ ಅದ. ಬರದವ ಮುಖ ಮುಚ್ಚಿಕೊಂಡಾನ, ಆದ್ರ ನಮ್ಮ ಮನಿ ಬಾಗಿಲಿಗೆ ಅದನ್ನ ತಂದು ಕೊಟ್ಟಾಕಿ ಮೌಶಿ. ಮೌಶಿ ಕಳಿಸ್ಯಾಳಂದ್ರ ಸುಳ್ಳಿರೂದಿಲ್ಲ ಅಂತ ನಾವು ನಂಬ್ತೀವಿ. ನಲವತ್ತು ವರ್ಷ ಮೌಶಿ ಎಲ್ಲಾರ ಬಾಣಂತನ ಮಾಡ್ಯಾಳ, ಕಷ್ಟಕ್ಕ ಓಡಿ ಬಂದಾಳ, ಒಂದು ಸುಳ್ಳು ಆಡಿಲ್ಲ. ಆ ನಲವತ್ತು ವರ್ಷದ ವಿಶ್ವಾಸ ಅದಲ್ಲ, ಅದನ್ನ ಒಬ್ಬ ಮುಖ ಕಾಣದವ ಪುಕಟ ಉಪಯೋಗ ಮಾಡಿಕೊಂಡ. ಅವನಿಗೆ ಹೆಸರಿಲ್ಲ ಅಂತನ ಅವನಿಗೆ ನಮ್ಮ ಹೆಸರು ಬೇಕಾಗ್ಯದ. ನಾವು ಕೊಡ್ಲಿಕತ್ತೀವಿ. ಇದನ್ನ ನಾ ಹೇಳಿದ್ದಕ್ಕ ನಮ್ಮ ಬಳಗದಾಗ ಇಬ್ಬರು ನನ್ನ ಜೋಡಿ ಮಾತು ಬಿಟ್ಟಾರ, "ನೀ ಭಾಳ ಶಾಣ್ಯಾಕಿ" ಅಂತ. ಬಿಡ್ಲಿ. ಸುಳ್ಳು ಹೊತ್ತು ತಂದವರಿಗೆ ಬ್ಯಾಡ ಅನ್ನೋದು ಅಗೌರವ ಅಲ್ಲ. ಮೌಶಿ ಹೆಸರು ಕೆಡಬಾರದು ಅಂತನ ಬ್ಯಾಡ ಅನ್ನೋದು.

"ಕಂಪನಿಯವರು, ಸರ್ಕಾರದವರು ನೋಡಿಕೊಳ್ಳಲಿ" ಅಂತೀರಿ. ಅವರೂ ಮಾಡ್ಯಾರ. 2018ರ ಜುಲೈ ಆದಮ್ಯಾಲೆ ವಾಟ್ಸಾಪಿನವರು ನಮ್ಮ ದೇಶದಾಗ ಒಂದು ಸಲಕ್ಕ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡಬಾರದಂಗ ಮಾಡಿದ್ರು. 2020ರ ಏಪ್ರಿಲಿನ್ಯಾಗ, ಭಾಳ ಸಲ ತಿರುಗಿದ ಮೆಸೇಜಿದ್ರ ಒಂದು ಸಲಕ್ಕ ಒಂದೇ ಕಡೆ ಅಂತ ಬಿಗಿ ಮಾಡಿದ್ರು. ಎರಡು ಬಾಣದ ಗುರ್ತು ಕಾಣ್ತದಲ್ಲ, ಅದ. ಅಂಥಾ ಮೆಸೇಜ್ ಹರಡೋದು ನೂರಕ್ಕ ಎಪ್ಪತ್ತರಷ್ಟು ಕಡಿಮಿ ಆತು ಅಂತ ಅವರ ಹೇಳ್ಯಾರ. ಛೊಲೋ ಆತು. ಅಂದ್ರ ದಾರಿ ಸ್ವಲ್ಪ ಕಷ್ಟ ಮಾಡಿದ್ರನ ಅಷ್ಟು ಸುಳ್ಳು ನಿಂತ್ವು, ಹನ್ನೊಂದು ಕಾರ್ಡಿನ ಕಾಲದಂಗ. ಆದ್ರ ಉಳದ ಮೂವತ್ತು? ಅದನ್ನ ಯಾವ ಕಂಪನಿನೂ ತಡಿಯೂದಿಲ್ಲ. ಅದನ್ನ ತಡಿಯೂದು ಓದಾಕಿ ತಲಿ.

ಅದಕ್ಕ ನಾ ಸಾಲಿ ಅಂತೀನಿ. ಅದೂ ಸರ್ಕಾರಿ ಸಾಲಿ.

ನಗಬ್ಯಾಡ್ರಿ. ನನಗ ಗೊತ್ತದ ಏನಂತೀರಿ ಅಂತ. "ಇಂಜಿನಿಯರ್ ಆದವರು, ಡಬಲ್ ಡಿಗ್ರಿ ಮಾಡಿದವರ ಹೆಚ್ಚು ಫಾರ್ವರ್ಡ್ ಮಾಡ್ತಾರ, ಸಾಲಿ ಕಲಿತು ಏನುಪಯೋಗ?" ಮಾತು ಖರೇ ಅದ. ಆದ್ರ ಅವರಿಗೆ ಏನು ಕಲಿಸಿದ್ವಿ ನಾವು? ನೂರಕ್ಕ ತೊಂಬತ್ತೈದು ತೊಗೊಳೂದು ಕಲಿಸಿದ್ವಿ. ಪ್ರಶ್ನಿ ಪರೀಕ್ಷಾದಾಗ ಅವರು ಕೇಳ್ತಾರ, ನೀ ಉತ್ತರ ಬರಿ, ತಿರುಗಿ ಕೇಳಬ್ಯಾಡ ಅಂತ ಕಲಿಸಿದ್ವಿ. ತಿರುಗಿ ಕೇಳಿದ ಹುಡುಗಿಗೆ ಮನ್ಯಾಗ "ಎದುರುತ್ತರ ಕೊಡ್ತಾಳ" ಅಂತ ಬೈದ್ವಿ. ಇದು ಶಿಕ್ಷಣದ ಸೋಲಲ್ಲ, ನಾವು ಶಿಕ್ಷಣದ ಅರ್ಧಾ ಬಿಟ್ಟು ಅರ್ಧಾ ಕೊಂಡದ್ದರ ಫಲ. ನಾ ಪಿಯುಸಿಗೆ ನಿಂತಾಕಿ, ಡಿಗ್ರಿ ಇಲ್ಲ. ಸುಳ್ಳು ಆರಿಸಲಿಕ್ಕೆ ಡಿಗ್ರಿ ಬೇಕಾಗಿಲ್ಲ. ಅಕ್ಕಿಯೊಳಗಿನ ಹಳ್ಳು ಆರಿಸೋದು ಯಾರಿಗರ ಕಾಲೇಜಿನ್ಯಾಗ ಕಲಿಸ್ಯಾರೇನು? ಮರದಾಗ ಹಾಕಿ, ಬೆಳಕಿಗೆ ಹಿಡದು, ಅವಸರ ಮಾಡದ ನೋಡಬೇಕು. ಆದ್ರ ಆ ಅಭ್ಯಾಸ ಯಾರರ ಹಾಕಬೇಕು, ಸಣ್ಣ ವಯಸ್ಸಿನ್ಯಾಗ ಹಾಕಬೇಕು.

ಹಾಕಬಹುದು ಅಂತ ತೋರಿಸ್ಯಾರ. ಕೇರಳದ ಕಣ್ಣೂರು ಜಿಲ್ಲಾದಾಗ 2018ರ ಸುಮಾರಿಗೆ 150 ಸರ್ಕಾರಿ ಸಾಲಿಯೊಳಗ, ಸುಳ್ಳು ಸುದ್ದಿ ಹೆಂಗ ಗುರ್ತು ಹಿಡೀಬೇಕು ಅಂತ ಮಕ್ಕಳಿಗೆ ಪಾಠ ಇಟ್ರು. ಅದಕ್ಕ ಮೊದಲ ಅಲ್ಲಿ ಲಸಿಕೆ ಸುಳ್ಳಿನಿಂದನ ತ್ರಾಸಾಗಿತ್ತು. ಆಮ್ಯಾಲೆ ಬಿಹಾರದಾಗ ಇನ್ನೂ ದೊಡ್ಡದು. ಸರ್ಕಾರದ ಜೋಡಿ ಸಂಶೋಧಕರು ಕೂಡಿ, 583 ಹಳ್ಳಿಯ 13,500ರ ಸುಮಾರು ಮಕ್ಕಳಿಗೆ, ಎಂಟನೇತ್ತೆಯಿಂದ ಹನ್ನೆರಡನೇತ್ತೆ ತನಕದವರಿಗೆ, ಊರಿನ ಗ್ರಂಥಾಲಯದಾಗ ಕೂಡಿಸಿ ಪಾಠ ಮಾಡಿದ್ರು. ಆ ಗ್ರಂಥಾಲಯ ನಡಸೋದು ಜೀವಿಕಾ ಅಂತ ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳ ಯೋಜನೆ. ಹದಿನಾಲ್ಕು ವಾರದಾಗ ಬರೇ ನಾಲ್ಕು ಪಾಠ. ತಿಂಗಳುಗಟ್ಟಲೆ ಬಿಟ್ಟು ನೋಡಿದಾಗೂ ಆ ಮಕ್ಕಳಿಗೆ ಖರೇ ಸುಳ್ಳು ಆರಿಸೋದು ಉಳದವರಿಗಿಂತ ಛೊಲೋ ಬರ್ತಿತ್ತು. ಇನ್ನ ಕೇಳ್ರಿ, ಪಾಠಕ್ಕ ಬರದ ಅವರ ಅವ್ವ-ಅಪ್ಪಂದಿರಿಗೂ ಬರ್ತಿತ್ತು! ಮಕ್ಕಳು ಮನಿಗೆ ಹೋಗಿ ಕಲಿಸಿದ್ರು. ಇಲ್ಲೀತನಕ ಸುಳ್ಳು ಹರಡೂ ದಾರಿ ಅಷ್ಟ ನೋಡಿದ್ವಿ. ತಿಳುವಳಿಕಿನೂ ಅದೇ ದಾರ್ಯಾಗ, ಬಾಯಿಂದ ಬಾಯಿಗೆ, ಮನಿಂದ ಮನಿಗೆ ಹೋಗ್ತದ.

"ಆತು, ನಮ್ಮ ಮಕ್ಕಳಿಗೆ ನಾವು ಮನ್ಯಾಗ ಕಲಿಸ್ತೀವಿ, ಛೊಲೋ ಪ್ರೈವೇಟ್ ಸಾಲಿಗೆ ಹಾಕ್ತೀವಿ, ಸರ್ಕಾರಿ ಸಾಲಿ ಯಾಕ?" ಅಂತ ಕೇಳ್ತೀರಿ. ಯಾಕಂದ್ರ ದಡಾರದ ಲೆಕ್ಕ ಇಲ್ಲೂ ಅದ. ದಡಾರ ಊರಾಗ ಹಬ್ಬಬಾರದು ಅಂದ್ರ ನೂರು ಮಕ್ಕಳಾಗ ತೊಂಬತ್ತೈದು ಮಂದಿಗೆ ಎರಡೂ ಡೋಸ್ ಆಗಿರಬೇಕು ಅಂತಾರ. ನಿಮ್ಮ ಕೂಸಿಗೆ ಅಷ್ಟ ಹಾಕಿಸಿ ಬಾಗಿಲಾ ಹಾಕ್ಕೊಂಡು ಕೂತ್ರ ಊರು ಉಳಿಯೂದಿಲ್ಲ. ಒಂಬತ್ತು ತಿಂಗಳಾಗದ ಹಸುಗೂಸು ಉಳೀಬೇಕಂದ್ರ ಬಾಜು ಓಣಿ ಹುಡುಗನಿಗೂ ಆಗಿರಬೇಕು. ಸುಳ್ಳೂ ಹಂಗ. ಮುರ್ಕಿಯೊಳಗ ಸತ್ತ ಹುಡುಗ ಸ್ವತಃ ಕಲಿತವ, ಇಂಜಿನಿಯರ್. ಅವನ ಕಲಿಕಿ ಅವನನ್ನ ಉಳಿಸಲಿಲ್ಲ. ದಾರಿ ಕಟ್ಟಿ ನಿಂತವರ ಪೈಕಿ ಹತ್ತು ಮಂದಿಯರ "ತಡೀರಪಾ, ಮೊದಲ ಕೇಳೋಣು" ಅಂದಿದ್ರ ಉಳೀತಿದ್ದ. ನಮ್ಮ ಮಕ್ಕಳ ಜೀವಾ ಮಂದಿ ಮಕ್ಕಳ ತಿಳುವಳಿಕಿ ಮ್ಯಾಲೆ ನಿಂತದ. ಇದಕ್ಕಿಂತ ದೊಡ್ಡ ಕಾರಣ ಸಾರ್ವಜನಿಕ ಶಿಕ್ಷಣಕ್ಕ ಬೇಕೇನು? ಎಲ್ಲಾರ ಮಕ್ಕಳಿಗೂ ಮುಟ್ಟೋದು ಒಂದೇ ಸಾಲಿ, ಫೀ ಕೇಳದ ಸಾಲಿ. ಸುಳ್ಳು ಫೀ ಇಲ್ಲದ ಎಲ್ಲಾರ ಮನಿಗೆ ಹೋಗ್ತದ ಅಂದ್ರ ಬುದ್ಧಿನೂ ಫೀ ಇಲ್ಲದ ಹೋಗಬೇಕು.

ಸರ್ಕಾರಿ ಸಾಲಿಯ ಇನ್ನೊಂದು ಗುಣ ನಾವು ಮರತೀವಿ. ಅಲ್ಲಿ ಎಲ್ಲಾದಕ್ಕೂ ಹೆಸರದ. ಹಾಜರಿ ಪುಸ್ತಕದಾಗ ಹೆಸರು, ಪಾಠ ಪುಸ್ತಕದಾಗ ಬರದವರ ಹೆಸರು, ಕಲಿಸೋ ಬಾಯಾರ ಹೆಸರು. ತಪ್ಪಿದ್ರ ಹೋಗಿ ಕೇಳಬಹುದು, ಅರ್ಜಿ ಕೊಡಬಹುದು. ಬೋರ್ಡಿನ ಮ್ಯಾಲೆ ಬಾಯಾರು ತಪ್ಪು ಲೆಕ್ಕ ಹಾಕಿದ್ರ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು "ಬಾಯಾರ, ಅಲ್ಲಿ ಏಳು ಆಗಬೇಕ್ರಿ" ಅಂತಾಳ. ಹೆಸರಿಲ್ಲದ ಮೆಸೇಜಿಗೆ ಹಂಗ ಅನ್ನಲಿಕ್ಕೆ ಬರ್ತದೇನು? ಆಮ್ಯಾಲೆ ಅಲ್ಲಿ ಎಲ್ಲಾ ಜಾತಿ, ಎಲ್ಲಾ ಧರ್ಮದ ಮಕ್ಕಳು ಒಂದೇ ಸಾಲಿನ್ಯಾಗ ಕೂತು ಬಿಸಿಊಟ ಉಣ್ತಾರ. ಬಾಜು ಕೂತು ಉಂಡವನ ಬಗ್ಗೆ ನಾಳೆ ಯಾರರ ಸುಳ್ಳು ಕಳಿಸಿದ್ರ "ಏ, ಅವ ನನ್ನ ಗೆಳ್ಯಾ, ಹಂಗಿಲ್ಲ" ಅನ್ನೋ ಧೈರ್ಯ ಬರ್ತದ. ಗುರ್ತಿಲ್ಲದವರ ಮ್ಯಾಲೆ ಸುಳ್ಳು ಜಲ್ದಿ ಹತ್ತಿಕೊಳ್ತದ, ಗುರ್ತಿದ್ದವರ ಮ್ಯಾಲೆ ಹತ್ತೂದಿಲ್ಲ.

ನಮ್ಮ ಸೀಮಿಗೆ ಇದು ಹೊಸಾದೂ ಅಲ್ಲ. ಡೆಪ್ಯೂಟಿ ಚನ್ನಬಸಪ್ಪನವರು ಮರಾಠಿ ಸಾಲಿಗಳ ಕಾಲದಾಗ ಧಾರವಾಡ ಸೀಮಿಯೊಳಗ ಕನ್ನಡ ಸಾಲಿ ತೆರೀಲಿಕ್ಕೆ ಊರೂರು ತಿರುಗಿದ್ರು. ಸಾವಿತ್ರಿಬಾಯಿ ಫುಲೆಯವರು ಪುಣೆಯೊಳಗ ಹೆಣ್ಣುಮಕ್ಕಳ ಸಾಲಿ ಸುರು ಮಾಡಿದ್ದು 1848ರಾಗ. ಅವರ ಮ್ಯಾಲೆ ಸಗಣಿ ಒಗದ್ರು. ಅವತ್ತೂ ಒಂದು ಗಾಳಿಮಾತು ಇತ್ತು: ಹೆಣ್ಣು ಓದಿದ್ರ ಗಂಡ ಸಾಯ್ತಾನ. ಯಾರು ಹೇಳಿದ್ರು ಅಂದ್ರ "ಮಂದಿ ಹೇಳ್ತಾರ". ಆ ಹೆಸರಿಲ್ಲದ ಮಾತಿಗೆ ಹೆದರಿ ಎಷ್ಟು ತಲಿಮಾರಿನ ಹೆಣ್ಣುಮಕ್ಕಳು ಅಡಗಿಮನ್ಯಾಗ ಉಳದ್ರು ಲೆಕ್ಕ ಹಾಕ್ರಿ. ಸುಳ್ಳಿನ ಪೆಟ್ಟು ಮೊದಲ ತಿಂದವರು ನಾವು. ಅಂಥಾ ನಾವು ಅದರ ಟಪಾಲು ಹೊರೂದು ಶೋಭಾ ಅಲ್ಲ.

ನಮ್ಮ ಸಂವಿಧಾನದಾಗ ಪ್ರಜೆಗಳ ಮೂಲಭೂತ ಕರ್ತವ್ಯ ಅಂತ ಬರದಾರ, 51-ಎ ವಿಧಿ. 1976ರಾಗ ಸೇರಿಸಿದ್ದು. ಅದರಾಗ ಒಂದು, ವೈಜ್ಞಾನಿಕ ಮನೋಭಾವ, ಮಾನವೀಯತೆ, ಪ್ರಶ್ನಿ ಮಾಡಿ ತಿಳಕೊಳ್ಳೋ ಗುಣ ಬೆಳಸಿಕೊಳ್ಳೋದು. ಅಂದ್ರ "ಯಾರು ಹೇಳಿದ್ರು, ಹೆಂಗ ಗೊತ್ತು" ಅಂತ ಕೇಳೋದು ಎದುರುತ್ತರ ಅಲ್ಲವಾ, ಕರ್ತವ್ಯ. ಇದನ್ನ ಬರದು ಫ್ರಿಜ್ಜಿಗೆ ಅಂಟಿಸ್ರಿ.

ಬರೇ ಬೈದು ಬಿಟ್ರ ಆಗೂದಿಲ್ಲ, ಮಾಡೋದೇನು ಅಂತನೂ ಹೇಳ್ತೀನಿ. ಫೋನಿನ್ಯಾಗ ಬಂದದ್ದು ಎದಿ ಧಸಕ್ ಅನಿಸಿದ್ರ ಅವತ್ತ ಕಳಿಸಬ್ಯಾಡ್ರಿ. ಹಸೀ ಹಿಟ್ಟಿಗೂ ಒಂದು ರಾತ್ರಿ ಬೇಕು ಉಬ್ಬಲಿಕ್ಕೆ, ಸುದ್ದಿಗೂ ಒಂದು ರಾತ್ರಿ ಕೊಡ್ರಿ. ತಾರೀಖಿಲ್ಲ, ಊರಿಲ್ಲ, ಹೇಳಿದವರ ಹೆಸರಿಲ್ಲ ಅಂದ್ರ ನಮ್ಮ ಕಡೆಯಿಂದ ಮುಂದ ಹೋಗಬಾರದು. ಜಡ್ಡಿನ ಮಾತಿದ್ರ ಆಶಾ ಕಾರ್ಯಕರ್ತೆಗೆ ಕೇಳ್ರಿ, ಅಕಿಗೆ ಹೆಸರದ, ಅಕಿ ಮನಿ ನಮಗ ಗೊತ್ತದ. ರೊಕ್ಕದ ಮಾತಿದ್ರ ಬ್ಯಾಂಕಿನ್ಯಾಗ ಕೇಳ್ರಿ. ಮನಿ ಹಿರಿಯರು ಕಳಿಸಿದ್ರ ನಾಲ್ಕು ಮಂದ್ಯಾಗ ಅವಮಾನ ಮಾಡಬ್ಯಾಡ್ರಿ, ಫೋನ್ ಮಾಡಿ "ಕಾಕು, ಇದು ಹಿಂಗದ ನೋಡ್ರಿ" ಅಂತ ಸಣ್ಣಗ ಹೇಳ್ರಿ. ಹೊಸಾ ಸೊಸಿಗೆ, ಸಣ್ಣ ಹುಡುಗರಿಗೆ ತಿರುಗಿ ಕೇಳೋ ಹಕ್ಕು ಕೊಡ್ರಿ. ಮನ್ಯಾಗ ಪ್ರಶ್ನಿ ಕೇಳಲಿಕ್ಕೆ ಬಿಡದ, ಹೊರಗ ಪ್ರಶ್ನಿ ಕೇಳೋ ಮಕ್ಕಳು ಬೇಕಂದ್ರ ಎಲ್ಲಿಂದ ಬರಬೇಕು?

ಆಮ್ಯಾಲೆ ಸಾಲಿ. ನಮ್ಮ ಮಕ್ಕಳು ಅಲ್ಲಿ ಓದಲಿ ಬಿಡಲಿ, ಓಣಿಯ ಸರ್ಕಾರಿ ಸಾಲಿ ನಮ್ಮದು. ಪ್ರತಿ ಸಾಲಿಗೂ ಎಸ್‌ಡಿಎಂಸಿ ಅಂತ ಪಾಲಕರ ಸಮಿತಿ ಅದ, ಅದರಾಗ ಹೆಣ್ಣುಮಕ್ಕಳೂ ಇದ್ದಾರ. ಅವರ ಮುಂದ ಕೇಳ್ರಿ, ಮಾಸ್ತರು ಸಾಕಷ್ಟು ಇದ್ದಾರೇನು, ವಿಜ್ಞಾನದ ಪ್ರಯೋಗ ಮಾಡಿ ತೋರಿಸ್ತಾರೇನು, ವಾರಕ್ಕೊಮ್ಮೆ ಪೇಪರ್ ಓದಿಸಿ ಖರೇ ಸುಳ್ಳು ಚರ್ಚಾ ಮಾಡಿಸಬಹುದೇನು ಅಂತ. ಹಳ್ಳಿಯವರು ಪಂಚಾಯ್ತಿ ಗ್ರಂಥಾಲಯಕ್ಕ ಮಕ್ಕಳನ್ನ ಕರಕೊಂಡು ಹೋಗ್ರಿ. ಮನ್ಯಾಗ ಓದಿ ಮುಗಿಸಿದ ಪುಸ್ತಕ ರದ್ದಿಯವನಿಗೆ ಕಿಲೋ ಲೆಕ್ಕದಾಗ ಹಾಕಬ್ಯಾಡ್ರಿ, ಸಾಲಿಗೆ ಕೊಡ್ರಿ. ಮಧ್ಯಾಹ್ನ ಫೋನ್ ತಿಕ್ಕೋ ಒಂದು ತಾಸಿನ್ಯಾಗ ವಾರಕ್ಕ ಎರಡು ದಿನ ಹೋಗಿ ಮೂರನೇತ್ತೆ ಮಕ್ಕಳಿಗೆ ಓದಲಿಕ್ಕೆ ಕಲಿಸಿದ್ರ ಯಾರೂ ಬ್ಯಾಡ ಅನ್ನೂದಿಲ್ಲ. "ಸರ್ಕಾರಿ ಸಾಲಿ ಅಷ್ಟ" ಅಂತ ಮೂಗು ಮುರಿಯೋದು ಮೊದಲ ಬಿಡ್ರಿ. ನಾವು ಮೂಗು ಮುರದಷ್ಟು ಮಕ್ಕಳು ಕಡಿಮಿ ಆಗ್ತಾರ, ಮಕ್ಕಳು ಕಡಿಮಿ ಆದಷ್ಟು ಸಾಲಿ ಬಾಗಿಲಾ ಮುಚ್ಚತಾವ. ಬಾಗಿಲಾ ಮುಚ್ಚಿದ ಸಾಲಿ ಕಟ್ಟಿ ಮ್ಯಾಲೆ ಕೂತು ಹುಡುಗರು ಏನು ಮಾಡ್ತಾರ? ಫೋನ್ ನೋಡ್ತಾರ.

ಬೈಯೋರು ಈಗ ಬೈರಿ, ಪೂರ್ತಿ ಓದಿದ ಮ್ಯಾಲೆ ಹಕ್ಕದ. ಆದ್ರ ಬೈಯೂದನ್ನ ನಿಮ್ಮ ಹೆಸರು ಹಾಕಿ ಬರೀರಿ. ಹೆಸರಿಟ್ಟು ಜಗಳಾಡಿದವರ ಜೋಡಿ ನಾಳೆ ರಾಜಿ ಆಗಬಹುದು, ಒಂದು ಕಪ್ ಚಹಾನೂ ಕುಡೀಬಹುದು.